ಸಾಹುಕಾರನಿಗೆ ದೀಕ್ಷಾಸ್ನಾನ ಕೊಟ್ಟವರು ಯಾರು?

ನಾಳೆ ಗಣರಾಜ್ಯೋತ್ಸವ. ಬೆಳಿಗ್ಗೆ ನಮ್ಮ ಕಾಂಪೌಂಡಿನಲ್ಲಿ ಧ್ವಜ ಏರಿಸುತ್ತೇವೆ, ಎಲ್ಲರೂ ಬರಬೇಕು, ಬೂಂದಿ ಲಾಡು ಇದೆ ಎಂದು ಕಾರ್ಯದರ್ಶಿಗಳು ಆಗಲೇ ಹೇಳಿದ್ದಾರೆ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಆ ಧ್ವಜದ ಮಾತು ಬಂದು, ಬೇವಿನ ಮರದ ಕೆಳಗೆ ನಮ್ಮ ಹಿರಿಯರಲ್ಲಿ ಒಂದು ವಾದ ಶುರುವಾಯಿತು. ದೇಶ ಕಟ್ಟುವಾಗ ಬರೆಯುವ ಸಂವಿಧಾನದಲ್ಲಿ ದೇವರ ಹೆಸರು ಇರಬೇಕೇ, ಬೇಡವೇ? ಕ್ರೈಸ್ತರೇ ಹೆಚ್ಚಿರುವ ಒಂದು ದೇಶವಿದ್ದರೆ ಅಲ್ಲಿ ಕ್ರಿಸ್ತನ ಹೆಸರೇ ಮೊದಲು ಬರಬೇಕಲ್ಲವೇ? ಒಬ್ಬರು ಬೇಕೇ ಬೇಕು ಅಂದರು. ಇನ್ನೊಬ್ಬರು ಕೂಡದು ಅಂದರು. ಲೋಟದಲ್ಲಿ ಚಹಾ ಆರಿತು, ಮನೆಯಲ್ಲಿ ಊಟ ಆರಿತು, ವಾದ ಮಾತ್ರ ಆರಲಿಲ್ಲ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ ನೀವೇ ಹೇಳಿ ಅಂದರು. ಮುಂದಿನ ಭಾನುವಾರ ಹೇಳುತ್ತೇನೆ ಅಂದೆ. ಆ ಭಾನುವಾರ ಇವತ್ತು ಬಂದಿದೆ. ಆದರೆ ನಾನು ವಾದ ಮಾಡುವುದಿಲ್ಲ, ಒಂದು ಕಥೆ ಹೇಳುತ್ತೇನೆ.

ಒಂದು ದೇಶದಲ್ಲಿ ಹೆಂಚಿನ ಕಾರ್ಖಾನೆಯ ಸಾಹುಕಾರನೊಬ್ಬನಿದ್ದ. ಯಾವ ದೇಶ ಎಂದು ಕೇಳಬೇಡಿ, ಭೂಪಟ ಹುಡುಕಬೇಡಿ. ಅವನ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನಮ್ಮ ಸಭೆಯ ಯಾರೋ ಇರಬೇಕೆಂದು ನೀವು ಕತ್ತು ತಿರುಗಿಸಿ ನೋಡುತ್ತೀರಿ, ಅವರು ನನ್ನನ್ನು ಊಟಕ್ಕೆ ಕರೆಯುವುದನ್ನು ಬಿಡುತ್ತಾರೆ.

ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದೃಷ್ಟಾಂತದಲ್ಲಿ ಸಾಹುಕಾರ ಕಾಲಿಟ್ಟ ಕೂಡಲೇ ನೀವು ಅವನನ್ನು ನರಕಕ್ಕೆ ಕಳಿಸಲು ತಯಾರಾಗುತ್ತೀರಿ. ಇವನು ಅಂಥವನಲ್ಲ. ಕೆಲಸದವರ ಮನೆಯಲ್ಲಿ ಕಾಯಿಲೆಯಾದರೆ ತಾನೇ ಹೋಗಿ ಕೂರುತ್ತಿದ್ದ. ದೇಶದ ಎಷ್ಟೋ ಮನೆಗಳ ಮೇಲೆ ಇವನದೇ ಹೆಂಚು. ಹಸಿ ಹೆಂಚು ಅಚ್ಚಿನಿಂದ ಇಳಿಯುವಾಗ ಅದರ ಒಳಮೈಗೆ ಒಂದು ಪುಟ್ಟ ಶಿಲುಬೆಯ ಮುದ್ರೆ ಒತ್ತಿಸುತ್ತಿದ್ದ. ಬೀದಿಯಲ್ಲಿ ಹೋಗುವವರಿಗೆ ಅದು ಕಾಣುವುದಿಲ್ಲ. ಮನೆಯೊಳಗೆ ಅಂಗಾತ ಮಲಗಿ ಸೂರಿನ ಕಡೆ ನೋಡಿದವರಿಗೆ ಮಾತ್ರ ಕಾಣುತ್ತಿತ್ತು.

ಇವನು ಹುಟ್ಟುವ ಕಾಲಕ್ಕೆ ಆ ದೇಶವನ್ನು ಒಬ್ಬ ರಾಜ ಆಳುತ್ತಿದ್ದ. ರಾಜನ ಪ್ರತಿಯೊಂದು ಆಜ್ಞೆಯ ಮೊದಲ ಸಾಲಿನಲ್ಲಿ ಅವನ ದೇವರ ಹೆಸರು. ಆ ದೇವರಿಗೆ ಕೈ ಮುಗಿಯದವರಿಗೆ ಜೈಲು. ಕ್ರೈಸ್ತರು ಕೂಡಿ ಹಾಡುವಂತಿಲ್ಲ, ಕೂಡಿ ಪ್ರಾರ್ಥಿಸುವಂತಿಲ್ಲ. ಸಾಹುಕಾರನ ಅಪ್ಪ ಹಾಡಿದ, ಜೈಲಿಗೆ ಹೋದ. ಅವರ ಸಭೆಯ ಪಾದ್ರಿ ಅಯ್ಯನವರೂ ಜೊತೆಗೆ ಹೋದರು. ಅಯ್ಯನವರು ಹೊರಗೆ ಬಂದರು, ಅಪ್ಪ ಬರಲಿಲ್ಲ. ಮಗನ ಮುಖವನ್ನೇ ನೋಡದೆ ಅಲ್ಲೇ ತೀರಿಕೊಂಡ. ಸಾಯುವ ಮುಂಚೆ ಅಯ್ಯನವರ ಕೈ ಹಿಡಿದು ಒಂದು ಮಾತು ಹೇಳಿ ಕಳಿಸಿದ್ದ. "ನನ್ನ ಮಗಾ ದೊಡ್ಡಾವ ಆಗೂದ್ರಾಗ ಈ ದೇಶದಾಗ ಯೇಸುವಿನ ಹೆಸರು ಯಾರ ಅಂಜಿಕಿನೂ ಇಲ್ಲದ ಗಟ್ಟಿಯಾಗಿ ಹೇಳುವಂಗ ಆಗ್ಲಿ."

ನೋಡಿ, ಅಂಥ ಮಾತು ಕೇಳುತ್ತ ಬೆಳೆದ ಮಗ ಹೇಗಿರುತ್ತಾನೆ? ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಅವನು ಮಣ್ಣು ಕಲಸಿದ, ಭಟ್ಟಿ ಉರಿಸಿದ, ಶ್ರೀಮಂತನಾದ. ರಾಜ ಹೊಡೆದಷ್ಟೂ ಸಭೆ ಬೆಳೆಯಿತು, ದೇಶದಲ್ಲಿ ಕ್ರೈಸ್ತರೇ ಹೆಚ್ಚಾದರು. ಕೊನೆಗೆ ಒಂದು ದಿನ ರಾಜ ದೇಶ ಬಿಟ್ಟು ಓಡಿಹೋದ. ಆಗ ಜನ ಅಂದರು, ಇನ್ನು ರಾಜ ಬೇಡ, ನಮ್ಮ ದೇಶಕ್ಕೆ ನಾವೇ ಒಂದು ಸಂವಿಧಾನ ಬರೆಯೋಣ. ಊರೂರಿನಿಂದ ಹಿರಿಯರನ್ನು ಆರಿಸಿ ಕಳಿಸಿದರು. ಕೂರಲು ಜಾಗ ಬೇಕಲ್ಲ? ಸಾಹುಕಾರ ಹಸಿ ಹೆಂಚು ಒಣಗಿಸುವ ತನ್ನ ದೊಡ್ಡ ಛಾವಣಿಯನ್ನು ಖಾಲಿ ಮಾಡಿಸಿ, ಬೆಂಚು ಹಾಕಿಸಿಕೊಟ್ಟ. ಅವನೂ ಒಬ್ಬ ಸದಸ್ಯ.

ಮೊದಲ ದಿನವೇ ಎದ್ದು ನಿಂತ. ಮೊದಲನೇ ಸಾಲು ಹೀಗಿರಲಿ ಅಂದ. "ಈ ದೇಶ ಕ್ರಿಸ್ತನದು, ಕ್ರಿಸ್ತನವರೇ ಈ ದೇಶದ ಪ್ರಜೆಗಳು." ಹೇಳಿ ಕೂರುವಾಗ ಅವನ ಕಣ್ಣು ತುಂಬಿತ್ತು. ಅಪ್ಪನಿಗೆ ಕೊಡಬೇಕಾದ್ದನ್ನು ಕೊಟ್ಟೆ ಎಂದು ಅವನಿಗೆ ಅನಿಸಿತ್ತು.

ಛಾವಣಿಯೆಲ್ಲ ಚಪ್ಪಾಳೆ. ಎದ್ದು ಬೇಡ ಅಂದವರು ಒಬ್ಬರೇ. ಯಾರು? ಅವನ ಸ್ವಂತ ಸಭೆಯ ಅಯ್ಯನವರು. ಅವನ ಅಪ್ಪನ ಜೊತೆ ಜೈಲಿನಲ್ಲಿದ್ದವರು, ಈಗ ಕೋಲು ಹಿಡಿದು ನಡೆಯುವ ಮುದುಕರು.

"ತಮ್ಮಾ," ಅಂದರು ಅಯ್ಯನವರು, "ನಿಮ್ಮಪ್ಪನ್ನ ಜೈಲಿಗೆ ಹಾಕಿದ ಆಜ್ಞಾದ ಮೊದಲನೇ ಸಾಲಿನ್ಯಾಗೂ ದೇವರ ಹೆಸರಿತ್ತು."

"ಅದು ರಾಜನ ದೇವರ ಹೆಸರ್ರೀ ಅಯ್ಯನೋರ. ಇದು ನಮ್ಮ ಕರ್ತನ ಹೆಸರು. ಎರಡೂ ಒಂದ ಏನ್ರೀ?"

"ಹೆಸರು ಬ್ಯಾರೆ ಅದ, ಒಪ್ಪಿದೆ. ಜೈಲಿನ ಕೀಲಿ ಹಿಡಿಯೋ ಕೈ ಮಾತ್ರ ಮನಷ್ಯಾಂದ ಇರ್ತದಲ್ಲ. ಆ ಕೈಗೆ ನಮ್ಮ ಕರ್ತನ ಹೆಸರು ಕೊಡೂದು ನನಗ ಅಂಜಿಕಿ ಆಗ್ತದ. ಹೊಳಿ ದಂಡಿ ಮ್ಯಾಲ ಅಂಬಿಗರದಾರ, ಸಂಜಿಗೆ ನೀರಿನ್ಯಾಗ ದೀಪಾ ಬಿಡೋ ಮಂದಿ. ಅವರು ಎಲ್ಲಿ ಹೋಗ್ಬೇಕು?"

"ಅವರನ್ನ ಯಾರೂ ಹೊಡಿಯೂದಿಲ್ರೀ. ಇರ್ಲಿ ಪಾಪ. ಪ್ರಜೆ ಅನ್ನಿಸಿಕೊಳ್ಳೂದಿಲ್ಲ, ಅಷ್ಟ."

ಅಷ್ಟೇ ಅಂತೆ. ಕೇಳಿದಿರಾ? ಒಳ್ಳೆಯ ಮನುಷ್ಯನ ಬಾಯಲ್ಲಿ ಬಂದ ಮಾತು ಇದು. ಕೆಟ್ಟವನು ಹೇಳಿದ್ದರೆ ನಾವು ಅಲ್ಲೇ ಹಿಡಿಯುತ್ತಿದ್ದೆವು. ಕೈ ಎತ್ತಿ ಮತ ಹಾಕಿದರು, ಸಾಲು ಪಾಸಾಯಿತು. ಸಾಹುಕಾರ ಮನೆಗೆ ಓಡಿಬಂದು ಅವ್ವನಿಗೆ ಹೇಳಿದ. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತಿ ಮಗನನ್ನು ನೋಡಿದಳು, ಮತ್ತೆ ಅಕ್ಕಿಯೊಳಗೆ ಬೆರಳಾಡಿಸಿದಳು. ಮುಪ್ಪಿನಲ್ಲಿ ಸಂತೋಷವೂ ಮೆಲ್ಲಗೆ ಬರುತ್ತದೆ ಎಂದುಕೊಂಡು ಅವನು ಕೈಕಾಲು ತೊಳೆಯಲು ಹೋದ.

ಈಗ ನೋಡಿ ತಮಾಷೆ. ಕ್ರಿಸ್ತನವರೇ ಪ್ರಜೆಗಳು ಎಂದು ಬರೆದಾಯಿತು. ಮರುದಿನ ಒಬ್ಬ ಎದ್ದು ಕೇಳಿದ, ಕ್ರಿಸ್ತನವರು ಅಂದರೆ ಯಾರು?

ನಗುತ್ತೀರಿ. ನಮ್ಮವರು ಮಾತ್ರ ಮಾಡಬಹುದಾದ ತಪ್ಪು ಇದು. ಆ ದೇಶದಲ್ಲಿ ಕ್ರೈಸ್ತರ ದೊಡ್ಡ ಸಭೆಗಳು ಎರಡು. ಒಂದರಲ್ಲಿ ಕೂಸಿನ ತಲೆಯ ಮೇಲೆ ಬೊಗಸೆ ನೀರು ಹಾಕಿ ದೀಕ್ಷಾಸ್ನಾನ ಕೊಡುತ್ತಾರೆ. ಇನ್ನೊಂದರಲ್ಲಿ ದೊಡ್ಡವರಾಗಿ ನಂಬಿದ ಮೇಲೆ ಕೆರೆಯಲ್ಲಿ ಪೂರ್ತಿ ಮುಳುಗಿಸಿ ಕೊಡುತ್ತಾರೆ. ಜನ ಚೇಷ್ಟೆಗೆ ಇವರನ್ನು ಬೊಗಸೆಸಭೆ ಎಂದೂ ಅವರನ್ನು ಕೆರೆಸಭೆ ಎಂದೂ ಕರೆಯುತ್ತಿದ್ದರು. ರಾಜನಿದ್ದಾಗ ಎರಡೂ ಸಭೆಯವರು ಒಂದೇ ಜೈಲಿನಲ್ಲಿ ಒಂದೇ ಗಂಜಿ ಕುಡಿದಿದ್ದರು. ಆಗ ಯಾರೂ ಕೇಳಿರಲಿಲ್ಲ, ನೀನು ಎಷ್ಟು ಒದ್ದೆಯಾಗಿದ್ದೀಯ ಎಂದು. ಈಗ ಕೇಳಬೇಕಾಯಿತು. ಯಾಕೆಂದರೆ ಈಗ ಅದು ಪೌರತ್ವದ ಪ್ರಶ್ನೆಯಾಗಿತ್ತು.

ಕೆರೆಸಭೆಯ ಬೋಧಕರು, ಎತ್ತರದ ಆಳು, ಗಂಟಲೂ ದೊಡ್ಡದು, ಎದ್ದು ನಿಂತು ಬೊಗಸೆ ನೀರು ದೀಕ್ಷಾಸ್ನಾನವೇ ಅಲ್ಲ ಅಂದರು. ಬೊಗಸೆಸಭೆಯವರು ಬೆಂಚು ಕುಟ್ಟಿದರು. ವಾದ ವಾರಗಟ್ಟಲೆ ನಡೆಯಿತು. ನಮ್ಮ ಬೇವಿನ ಮರದ ವಾದ ಅದರ ಮುಂದೆ ಏನೂ ಅಲ್ಲ. ಕೊನೆಗೆ ದಾರಿ ಹುಡುಕಿದವನು ಯಾರು? ನಮ್ಮ ಸಾಹುಕಾರನೇ. "ನೀರಿನ ಮಾತು ಬಿಡ್ರಿ," ಅಂದ. "ಬೊಗಸಿ ಇರ್ಲಿ, ಕೆರಿ ಇರ್ಲಿ. ಕೈ ಮಾತ್ರ ಸಭಾದ ಸೇವಕರ ಕೈ ಇರ್ಬೇಕು, ಅಯ್ಯನೋರ್ದರ ಇರ್ಲಿ, ಬೋಧಕರ್ದರ ಇರ್ಲಿ. ಸೇವಕರ ಕೈಯಿಂದ ದೀಕ್ಷಾಸ್ನಾನ ತಗೊಂಡಾವ ಕ್ರೈಸ್ತ." ಎಲ್ಲರಿಗೂ ಸಮಾಧಾನವಾಯಿತು. ನಾಳೆ ಬೆಂಚಿನ ಪ್ರಕಾರ ಒಬ್ಬೊಬ್ಬರೂ ಎದ್ದು, ತನಗೆ ದೀಕ್ಷಾಸ್ನಾನ ಕೊಟ್ಟವರು ಯಾರು ಎಂದು ಹೇಳಿ ಸಹಿ ಹಾಕುವುದೆಂದು ತೀರ್ಮಾನವಾಯಿತು. ತನ್ನ ಜಾಣತನಕ್ಕೆ ಸಾಹುಕಾರ ತಾನೇ ಹಿಗ್ಗಿದ.

ಛಾವಣಿಯಿಂದ ಹೊರಗೆ ಬರುವಾಗ ಅಯ್ಯನವರು ಕೋಲೂರಿಕೊಂಡು ಅವನಿಗಾಗಿ ಕಾದು ನಿಂತಿದ್ದರು. "ತಮ್ಮಾ, ಮನಿಗೆ ಹೋಗಿ ನಿಮ್ಮವ್ವನ್ನ ಒಂದ ಮಾತು ಕೇಳು, ನಿನಗ ದೀಕ್ಷಾಸ್ನಾನ ಕೊಟ್ಟಾವರು ಯಾರು ಅಂತ."

"ನೀವ ಅಲ್ಲೇನ್ರೀ ಅಯ್ಯನೋರ?"

"ನಾ ಆವತ್ತು ಎಲ್ಲಿದ್ದೆ, ನೆನಸ್ಕೋ."

ಎಲ್ಲಿದ್ದರು? ಜೈಲಿನಲ್ಲಿದ್ದರು. ಸಾಹುಕಾರನ ಕಾಲು ಅಲ್ಲೇ ನಿಂತಿತು. ಇಷ್ಟು ವರ್ಷ ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ನಾವು ಯಾರು ತಾನೇ ಯೋಚಿಸಿದ್ದೇವೆ?

ಮನೆಗೆ ಬಂದು ಅವ್ವನ ಮುಂದೆ ಕೂತು ಕೇಳಿದ. ಅವ್ವ ಮೊರ ಕೆಳಗಿಟ್ಟಳು.

"ಇದನ್ನ ನೀ ಕೇಳೂದು ಬ್ಯಾಡ ಅಂತಿದ್ದೆ. ನೀ ಹುಟ್ಟಿದಾಗ ಮೈಯೆಲ್ಲ ನೀಲಿ. ಅಳಲಿಲ್ಲ, ಉಸಿರು ಹಿಡೀಲಿಲ್ಲ. ನಿಮ್ಮಪ್ಪ ಒಳಗ, ಅಯ್ಯನೋರು ಒಳಗ, ನಮ್ಮಾವ್ರು ಯಾರೂ ಹೊರಗ ಬರುವಂಗಿಲ್ಲ. ನನಗ ಕೈ ಎತ್ತಾಕ ಶಕ್ತಿ ಇದ್ದಿಲ್ಲ. ಬಾಜೂಕ ಸೂಲಗಿತ್ತಿ ಒಬ್ಬಾಕಿನ ಇದ್ಲು. ಅಂಬಿಗರ ಓಣಿಯಾಕಿ. ಆಕಿಗೆ ಅಂದೆ, ಎವ್ವಾ, ನನ್ನ ಕೂಸು ಕ್ರಿಸ್ತನ ಹೆಸರಿಲ್ಲದ ಹೋಗಬಾರದು, ನಾ ಹೇಳಿದಂಗ ಹೇಳು, ನೀರು ಹಾಕು ಅಂತ."

"ಆಕಿ ಹೇಳಿದ್ಲೇನು?"

"ಅಂಜಿದ್ಲು. ನಾ ಹೇಳಿದ್ರ ನಡೀತೈತೇನವ್ವಾ ಅಂದ್ಲು, ನಿನ್ನ ದೇವರು ನನ್ನ ಬಾಯಿಂದ ಕೇಳ್ತಾನೇನು ಅಂದ್ಲು. ಕೇಳ್ತಾನ, ಹಾಕು ಅಂದೆ. ನಿನ್ನ ಮೈ ತೊಳ್ಯಾಕ ಕಾಸಿಟ್ಟ ನೀರು. ಬೊಗಸಿಲೆ ಹಿಡದು, ತಂದೆಯ ಹೆಸರಿನ್ಯಾಗ, ಮಗನ ಹೆಸರಿನ್ಯಾಗ, ಪವಿತ್ರಾತ್ಮನ ಹೆಸರಿನ್ಯಾಗ ಅಂತ ನಾ ಹೇಳಿದಂಗ ಹೇಳಿದ್ಲು. ಕಡೀ ಬೊಗಸಿ ಬಿದ್ದ ಕೂಡ್ಲೆ ನೀ ಚೀರಿದಿ. ಆಕಿನೂ ಅತ್ತಳು, ನಾನೂ ಅತ್ತೆ. ಅಯ್ಯನೋರು ಜೈಲಿಂದ ಬಂದ ಮ್ಯಾಲ ಎಲ್ಲಾ ಹೇಳೇನಿ. ಇದು ಆಗ್ಯದ, ಮತ್ತೊಮ್ಮೆ ಕೊಡೂದಿಲ್ಲ ಅಂದ್ರು."

ಅವನ ಸ್ಥಿತಿ ನೋಡಿ. ಅವನೇ ಬರೆದ ಮೊದಲನೇ ಸಾಲು, ಅವನೇ ಹುಡುಕಿದ ನಿಯಮ. ಆ ನಿಯಮದ ಪ್ರಕಾರ ಅವನು ಕ್ರೈಸ್ತನಲ್ಲ. ಕ್ರೈಸ್ತನಲ್ಲದಿದ್ದರೆ ಆ ದೇಶದ ಪ್ರಜೆಯೂ ಅಲ್ಲ. ಅಪ್ಪ ಯಾವ ಹೆಸರಿಗಾಗಿ ಸತ್ತನೋ ಆ ಹೆಸರನ್ನು ದೇಶದ ಬಾಗಿಲಿಗೆ ಬೀಗ ಮಾಡಿ, ಆ ಬೀಗದ ಹೊರಗೆ ತಾನೇ ನಿಂತಿದ್ದ.

ಏನು ಮಾಡಿದ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಸುಲಭದ ದಾರಿ ಒಂದಿತ್ತು, ಅವನು ಅದನ್ನೇ ಹಿಡಿದ. ಸಂಜೆಯೇ ಕೆರೆಸಭೆಯ ಬೋಧಕರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೋಧಕರು ಎದುರಾಳಿಯಾದರೂ ಮರ್ಯಾದಸ್ತರು, ಗೇಲಿ ಮಾಡಲಿಲ್ಲ. "ಇದು ನನ್ನ ಬಾಯಿಂದ ಹೊರಗ ಬರೂದಿಲ್ರೀ ಸಾಹುಕಾರ್ರ," ಅಂದರು. "ಮುಂಜಾನೆ ನಿಮ್ಮ ಮಣ್ಣು ನೆನಸೋ ಹೊಂಡಕ್ಕ ಬರ್ತೀನಿ. ಮುಳುಗಿ ಏಳ್ರಿ, ಬಟ್ಟಿ ಬದಲಿ ಮಾಡಿ ಬೆಂಚಿಗೆ ಬರ್ರಿ. ನಿಮ್ಮ ಹೆಸರಿನ ಮುಂದ ನನ್ನ ಹೆಸರು ಹೇಳ್ರಿ."

ಮರುದಿನ ಬೆಳಗಾಗುತ್ತಲೇ ಬೋಧಕರು ಹೇಳಿದ ಹಾಗೆ ಬಂದು, ಸೊಂಟದವರೆಗೆ ಹೊಂಡದ ಕೆಂಪು ನೀರಿನಲ್ಲಿ ಇಳಿದು ಕಾಯುತ್ತ ನಿಂತರು. ಸಾಹುಕಾರ ಹೆಗಲ ಮೇಲೆ ಒಣಬಟ್ಟೆ ಹಾಕಿಕೊಂಡು ಹೊರಟ. ಹೊಂಡಕ್ಕೆ ಹೋಗುವ ದಾರಿ ಅಂಬಿಗರ ಓಣಿಯ ಬಾಯಿಯನ್ನು ಹಾದು ಹೋಗುತ್ತದೆ. ಅಲ್ಲಿ ಅವನ ಕಿವಿಗೆ ಒಂದು ಸದ್ದು ಬಿತ್ತು. ಅದು ಅವನಿಗೆ ಗೊತ್ತಿರುವ ಸದ್ದು, ಹೆಂಚಿನ ಮೇಲೆ ಹೆಂಚು ಇಡುವ ಸದ್ದು. ಮನೆ ಕಟ್ಟುತ್ತಿದ್ದಾರೆಯೇ ಎಂದು ನೋಡಿದ. ಕಟ್ಟುತ್ತಿರಲಿಲ್ಲ, ಬಿಚ್ಚುತ್ತಿದ್ದರು. ಪ್ರತಿ ಮನೆಯ ಮೇಲೂ ಒಬ್ಬ ಗಂಡಸು ಹತ್ತಿ ಹೆಂಚು ಇಳಿಸುತ್ತಿದ್ದ, ಕೆಳಗೆ ಹೆಂಗಸರು ಅವನ್ನು ದೋಣಿಗೆ ಹೊರುತ್ತಿದ್ದರು. ಪ್ರಜೆಗಳಲ್ಲದವರು ಎಷ್ಟು ದಿನ ಅಂತ ಕಾಯುತ್ತಾರೆ? ಹೊಳೆಯ ಆಚೆ ದಂಡೆ ಬೇರೆ ದೇಶ. ಅಲ್ಲಿಗೆ ಹೊರಟಿದ್ದರು. ನೆಲಕ್ಕೆ ಮಗುಚಿಟ್ಟ ಪ್ರತಿ ಹೆಂಚಿನ ಮೇಲೆ ಅವನದೇ ಶಿಲುಬೆಯ ಮುದ್ರೆ ಕಾಣುತ್ತಿತ್ತು.

ಮೊದಲ ಮನೆಯ ಕಟ್ಟೆಯ ಮೇಲೆ ಹಣ್ಣು ಹಣ್ಣು ಮುದುಕಿಯೊಬ್ಬಳು ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಣ್ಣು ಮಂಜಾಗಿತ್ತು. ಇವಳೇ ಆ ಸೂಲಗಿತ್ತಿ ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಅವಳ ಎದುರು ಕುಕ್ಕರಗಾಲಲ್ಲಿ ಕೂತು ತಾನು ಯಾರ ಮಗ ಎಂದು ಹೇಳಿದ. ಆ ಜೈಲಿನ ವರ್ಷ, ನೀಲಿ ಕೂಸು, ಕಾಸಿದ ನೀರು, ಎಲ್ಲ ನೆನಪಿಸಿದ.

ಮುದುಕಿ ಕೈ ಚಾಚಿ ಅವನ ನೆತ್ತಿ ಮುಟ್ಟಿದಳು. "ನೀನಾ ಏನಪಾ ಅದು? ಎಷ್ಟೋ ಕೂಸು ಹಿಡದೀನಿ. ನೀರು ಹಾಕಿ ನಿಮ್ಮ ದೇವರ ಹೆಸರು ಹೇಳಿದ್ದು ನಿನಗ ಒಬ್ಬಗ. ಅವತ್ತಿಂದ ಒಂದ ಮಾತು ಕೇಳ್ಬೇಕು ಅಂತಿದ್ದೆ. ಯಾರ್ನ ಕೇಳ್ಬೇಕು? ನಿಮ್ಮವ್ವ ಕೇಳ್ತಾನ ಅಂದಿದ್ಲು. ಕೇಳಿದ್ನೇನಪಾ ಆವತ್ತು, ನಿಮ್ಮ ದೇವರು?"

ಪ್ರಿಯರೇ, ಈ ಪ್ರಶ್ನೆಯನ್ನು ಹಾಗೇ ಹಿಡಿದುಕೊಳ್ಳಿ. ಅವಳು ವಾದಕ್ಕೆ ಕೇಳಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದಳು. ಸಾಹುಕಾರ ಏನು ಉತ್ತರ ಕೊಡಬೇಕು? ಇಲ್ಲ, ಕೇಳಲಿಲ್ಲ ಅಂದರೆ ಅವನ ಬದುಕಿನಲ್ಲಿ ಅಷ್ಟೂ ವರ್ಷದ ಪ್ರಾರ್ಥನೆ, ಕರ್ತನ ಮೇಜಿನಲ್ಲಿ ತಿಂದ ರೊಟ್ಟಿ, ಎಲ್ಲ ಸುಳ್ಳು. ಹೌದು, ಕೇಳಿದ ಅಂದರೆ? ಆ ಬಾಯಿಂದ ಬಂದ ತನ್ನ ಹೆಸರನ್ನು ದೇವರು ಒಪ್ಪಿಕೊಂಡಿದ್ದಾನೆ. ಹಾಗಾದರೆ ಆ ಬಾಯಿಗೆ ಈ ದೇಶದಲ್ಲಿ ಜಾಗವಿಲ್ಲ ಎಂದು ಹೇಳಲು ಇವನ್ಯಾರು?

ಅವನಿಗೆ ಅಳು ತಡೆಯಲಾಗಲಿಲ್ಲ. "ಕೇಳಿದನವ್ವಾ," ಅಂದ. ಆಮೇಲೆ ನಾಚಿಕೆಯಿಂದ ಇನ್ನೊಂದು ಮಾತು ಕೇಳಿದ. "ನಿನ್ನ ಹೆಸರು ಏನವ್ವಾ?"

ನೋಡಿ, ಇಷ್ಟು ಹೊತ್ತೂ ಈ ಕಥೆಯಲ್ಲಿ ಯಾರ ಹೆಸರನ್ನೂ ನಾನು ಹೇಳಲಿಲ್ಲ. ಈಗ ಒಂದು ಹೇಳುತ್ತೇನೆ. ಅವಳ ಹೆಸರು ತುಂಗವ್ವ.

ಅಷ್ಟರಲ್ಲಿ ಅವನ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಕಾದೂ ಕಾದೂ ಬೇಸತ್ತ ಬೋಧಕರು ಹೊಂಡದಿಂದೆದ್ದು ಹುಡುಕಿಕೊಂಡು ಬಂದಿದ್ದರು. ಸೊಂಟದಿಂದ ಕೆಳಗೆ ಕೆಮ್ಮಣ್ಣು ನೀರು ತೊಟ್ಟಿಕ್ಕುತ್ತಿತ್ತು. ಮುದುಕಿ ಕೇಳಿದ್ದನ್ನೂ ಇವನು ಹೇಳಿದ್ದನ್ನೂ ಅವರು ಕೇಳಿಸಿಕೊಂಡಿದ್ದರು. ಸಾಹುಕಾರ ಹೆಗಲ ಮೇಲಿನ ಒಣಬಟ್ಟೆಯನ್ನು ತೆಗೆದು ಅವರ ಕೈಗೆ ಕೊಟ್ಟ. "ಇದು ನಿಮಗ ಬೇಕಾಗ್ತದ್ರೀ," ಅಂದ. ಬೋಧಕರು ತೆಗೆದುಕೊಂಡರು.

ಛಾವಣಿಯಲ್ಲಿ ಒಂದೊಂದೇ ಬೆಂಚಿನವರ ಸಹಿ ಆಗುತ್ತಿತ್ತು. ಸಾಹುಕಾರನ ಸರದಿ ಬಂತು. ದೀಕ್ಷಾಸ್ನಾನ ಕೊಟ್ಟವರು ಯಾರು ಎಂದು ಅಧ್ಯಕ್ಷರು ಕೇಳಿದರು.

"ತುಂಗವ್ವ."

"ಯಾವ ಸಭಾದ ಸೇವಕರ್ರೀ ಅವರು?"

"ಅಂಬಿಗರ ಓಣಿ ಸೂಲಗಿತ್ತಿರೀ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅಧ್ಯಕ್ಷರು ಪಾಪ ಸಹಾಯಕ್ಕೆ ಬಂದರು. "ಅಡ್ಡಿಯಿಲ್ರೀ ಸಾಹುಕಾರ್ರ. ಅಯ್ಯನೋರು ಇಲ್ಲೇ ಅದಾರ, ಬೋಧಕರು ಇಲ್ಲೇ ಅದಾರ. ಯಾರ ಕಡೆಯಿಂದರ ಈಗ ಮತ್ತೊಮ್ಮೆ ತಗೊಂಡುಬಿಡ್ರಿ."

"ತಗೊಳ್ಳೂದಿಲ್ರೀ," ಅಂದ ಸಾಹುಕಾರ. "ತಗೊಂಡ್ರ ಆವತ್ತು ದೇವರು ಕೇಳಲಿಲ್ಲ ಅಂದಂಗ ಆಗ್ತದ. ಕೇಳ್ಯಾನ. ಆಕಿ ಬಾಯಿಂದ ತನ್ನ ಹೆಸರು ಕೇಳಾಕ ಆತ ನಾಚಲಿಲ್ಲ. ಆಕಿ ಬಾಜೂಕ ಪ್ರಜೆ ಅಂತ ಕೂಡಾಕ ನಾ ನಾಚಿದೆ. ಹೆಸರು ಬರೀಬೇಕು ಅಂತ ಹಟ ಮಾಡ್ದಾವ ನಾನು, ನಿಮ್ಮನ್ನೆಲ್ಲ ಕರಕೊಂಡು ಬಂದಾವ ನಾನು. ನಾ ಮಾಡಿದ ನೇಮದ ಪ್ರಕಾರ ನಾ ಹೊರಗಿನಾವ. ಹೊರಗ ಕೂಡ್ತೀನಿ."

ಹಾಗೆಂದು ತನ್ನದೇ ಛಾವಣಿಯಿಂದ ಹೊರಗೆ ನಡೆದು, ಬಿಸಿಲಲ್ಲಿ ಹೆಂಚಿನ ರಾಶಿಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಅಯ್ಯನವರು ಎದ್ದರು. ಅದು ಆದ ದೀಕ್ಷಾಸ್ನಾನ ಎಂದು ಹೇಳಿದವನು ನಾನು, ಅವನು ಹೊರಗಾದರೆ ನಾನೂ ಹೊರಗೆ ಎಂದು ಹೇಳಿ ಕೋಲೂರಿಕೊಂಡು ಹೋಗಿ ಅವನ ಪಕ್ಕ ಕೂತರು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ರಾಜನಿಗೆ ಅಂಜಿ ನಂಬಿಕೆ ಮುಚ್ಚಿಟ್ಟುಕೊಂಡ ವರ್ಷಗಳಲ್ಲಿ ಸೇವಕರ ಕೈ ಎಲ್ಲಿತ್ತು? ಅವನಿಗೆ ನೀರು ಹಾಕಿದವಳು ಅಜ್ಜಿ. ಇನ್ನೊಬ್ಬನಿಗೆ ಹಾಕಿದವಳು ಜೈಲಿನ ಕಾವಲುಗಾರನ ಹೆಂಡತಿ, ರಾಜನ ದೇವರಿಗೆ ನಡೆದುಕೊಳ್ಳುತ್ತಿದ್ದವಳು. ನಿನ್ನೆಯವರೆಗೆ ಬಾಯಿ ಬಿಡದವರು ಒಬ್ಬೊಬ್ಬರಾಗಿ ಎದ್ದು ಬಿಸಿಲಿಗೆ ಬಂದರು.

ಆಗ ಕೆರೆಸಭೆಯ ಬೋಧಕರು ಎದ್ದು ನಿಂತರು. ಧೋತರದ ಅಂಚು ಇನ್ನೂ ಕೆಂಪಾಗಿತ್ತು. ಅವರು ಹೇಳಿದ್ದನ್ನು ಕೇಳಿ.

"ನಾ ಇವತ್ತಿಗೂ ಹೇಳ್ತೀನಿ, ದೀಕ್ಷಾಸ್ನಾನ ಅಂದ್ರ ನಂಬಿ ಮುಳುಗಬೇಕು. ಸಾಹುಕಾರ್ರು ಮುಳುಗಿಲ್ಲ. ಈ ಜಗಳ ನಮ್ಮ ಮನೀದು, ಮುಂದಿನ ವಾರಾನೂ ಮಾಡೂಣು, ಸಾಯೂತನಕ ಮಾಡೂಣು. ದೇಶದ ಬಾಗಲಾಗ ನಿಂತು ಮಾಡೂದು ಬ್ಯಾಡ. ಆ ಸಾಲು ತೆಗೀರಿ."

ಮತ್ತೆ ಕೈ ಎತ್ತಿ ಮತ ಹಾಕಿದರು. ಎಲ್ಲರೂ ಎತ್ತಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಸಾಕಾಗುವಷ್ಟು ಕೈ ಎದ್ದವು. ಸಾಲು ಹೋಯಿತು. ಅದರ ಜಾಗದಲ್ಲಿ, ಈ ನೆಲದಲ್ಲಿ ಹುಟ್ಟಿದವರೂ ಇಲ್ಲಿ ಬಂದು ಬಾಳುವವರೂ ಈ ದೇಶದ ಪ್ರಜೆಗಳು, ಯಾರು ಯಾವ ದೇವರನ್ನು ಕರೆದರೂ ಯಾರೂ ತಡೆಯುವಂತಿಲ್ಲ ಎಂದು ಬರೆದರು.

ಸಾಹುಕಾರ ಗೆದ್ದ ಮುಖ ಹೊತ್ತು ಮನೆಗೆ ಹೋದ ಎಂದುಕೊಂಡಿರಾ? ಇಲ್ಲ. ಅವ್ವನ ಮುಂದೆ ಕೂತು, "ಅಪ್ಪನ ಮಾತು ಉಳಸಾಕ ಆಗಲಿಲ್ಲವ್ವಾ," ಎಂದು ತಲೆ ತಗ್ಗಿಸಿದ. ಅವನ ದುಃಖ ಸುಳ್ಳಲ್ಲ.

ಅವ್ವ ಅಂದಳು, "ನಿಮ್ಮಪ್ಪ ಏನಂದಿದ್ದ? ಅಂಜಿಕಿ ಇಲ್ಲದ ಹೇಳುವಂಗ ಆಗ್ಲಿ ಅಂದಿದ್ದ. ಈಗ ನಿನ್ನ ಯಾರ ಅಂಜಸ್ತಾರ? ಹೇಳು, ಎಷ್ಟು ಗಟ್ಟಿಯಾಗಿ ಹೇಳ್ತಿ ಹೇಳು. ಅಂಬಿಗರಿಗೆ ಅಂಜಿಕಿ ಹಾಕ್ರಿ ಅಂತ ಅವ ಹೇಳಿ ಕಳಸಲಿಲ್ಲ."

ಅವನು ಎದ್ದು, ಕಾರ್ಖಾನೆಯ ಏಣಿ ಹೊತ್ತುಕೊಂಡು ಅಂಬಿಗರ ಓಣಿಗೆ ಹೋದ. ತುಂಗವ್ವನ ಮನೆಯ ಹೆಂಚನ್ನು ದೋಣಿಯಿಂದ ಇಳಿಸಿ ತಂದು, ಒಂದೊಂದೇ ಎತ್ತಿ ಕೊಟ್ಟ. ಮೇಲೆ ಕೂತ ಅವಳ ಅಳಿಯ ಹೊದಿಸಿದ. ಶಿಲುಬೆಯ ಮುದ್ರೆ ಎಂದಿನಂತೆ ಒಳಗಡೆಗೇ ಇತ್ತು.

ಕಥೆ ಮುಗಿಯಿತು. ನನ್ನ ಮಾತು ಮುಗಿದಿಲ್ಲ, ಎದ್ದು ಚಪ್ಪಲಿ ಹುಡುಕಬೇಡಿ.

ದೇವರ ಹೆಸರು ಬೇಕೇ ಬೇಕು ಅಂದ ನಮ್ಮ ಹಿರಿಯರನ್ನು ನಾನು ಆಡಿಕೊಳ್ಳುತ್ತಿಲ್ಲ. ಅವರ ಆಸೆ ನನಗೆ ಅರ್ಥವಾಗುತ್ತದೆ. ನಾವು ಪ್ರೀತಿಸುವವರ ಹೆಸರನ್ನು ಎಲ್ಲ ಕಡೆ ಬರೆಯಬೇಕೆನಿಸುತ್ತದೆ. ನಾವು ಈ ದೇಶದಲ್ಲಿ ಬೆರಳೆಣಿಕೆಯ ಜನ. ಬೇರೆಯವರು ತಮ್ಮ ದೇವರ ಹೆಸರನ್ನು ಮೊದಲನೇ ಸಾಲಿಗೆ ತಂದರೆ ನಮ್ಮ ಗತಿ ಏನು ಎಂದು ರಾತ್ರಿ ನಿದ್ದೆ ಬಿಡುವವರು ನಾವು. ಹಾಗಿರುವಾಗ, ನಾವೇ ಹೆಚ್ಚಿದ್ದರೆ ನಮ್ಮದನ್ನು ಬರೆಯುತ್ತಿದ್ದೆವು ಎಂದು ಬೇವಿನ ಮರದ ಕೆಳಗೆ ಹೇಳುವುದು ನ್ಯಾಯವೇ? ನಮಗೆ ಬೇಡವಾದ ಭಯವನ್ನು ಇನ್ನೊಬ್ಬರ ಮನೆಗೆ ಕಳಿಸುವುದು ನ್ಯಾಯವೇ?

ಸಂವಿಧಾನ ಬರೆಯಲು ನಮ್ಮನ್ನು ಯಾರೂ ಕರೆಯುವುದಿಲ್ಲ, ಬಿಡಿ. ಆದರೆ ನಮ್ಮ ಕೈಯಲ್ಲಿ ಚಿಕ್ಕ ಚಿಕ್ಕ ದೇಶಗಳಿವೆ. ನಿಮ್ಮ ಮನೆ ಒಂದು. ಅದರ ಬಾಗಿಲ ಮೇಲೆ, ಈ ಮನೆಗೆ ಕ್ರಿಸ್ತನೇ ಯಜಮಾನ ಎಂಬ ಫಲಕ ಇದೆ, ನಾನು ನೋಡಿದ್ದೇನೆ. ಇರಲಿ, ತೆಗೆಯಬೇಡಿ. ಆದರೆ ಅದೇ ಬಾಗಿಲಲ್ಲಿ ನಿಂತು, ನಮ್ಮ ಸಭೆಯಲ್ಲದ ಸಭೆಗೆ ಹೋಗುವ ಸೊಸೆಗೆ ಪ್ರತಿ ಭಾನುವಾರ ಚುಚ್ಚಿ ಮಾತಾಡುವುದನ್ನು ಬಿಡಿ. ಪಕ್ಕದ ಮನೆಯವರ ಹಬ್ಬ ನೋಡಿ ಮಕ್ಕಳ ಮುಂದೆ ನಗುವುದನ್ನು ಬಿಡಿ. ಇಂಥ ಜನ ಹೀಗೆ ಎಂದು ಮೊಬೈಲಿಗೆ ಬಂದದ್ದನ್ನು ಮುಂದಕ್ಕೆ ಒತ್ತುವ ಮುಂಚೆ, ಆ ಜನರಲ್ಲಿ ನಿಮ್ಮ ಕೂಸನ್ನು ಮೊದಲು ಕೈಯಲ್ಲಿ ಹಿಡಿದ ನರ್ಸಮ್ಮ ಇದ್ದಾರೆಯೇ ಎಂದು ಯೋಚಿಸಿ.

ಇನ್ನೊಂದು ಚಿಕ್ಕ ದೇಶ ಈ ಕಾಂಪೌಂಡು. ನಮ್ಮ ಆರಾಧನೆಯ ಗುಡಿಯ ಹಿಂದಿನ ಎರಡು ಕೋಣೆಯ ಮನೆ ಮಳೆಗಾಲದಿಂದ ಖಾಲಿ ಬಿದ್ದಿದೆ. ಶಾಲೆಯ ಟೀಚರಮ್ಮ ಒಬ್ಬರು, ನಮ್ಮ ಧರ್ಮದವರಲ್ಲ, ತಾಯಿಯನ್ನು ಕರೆದುಕೊಂಡು ಬಾಡಿಗೆಗೆ ಕೇಳಿದ್ದಾರೆ. ಸಮಿತಿ ಎರಡು ಸಲ ಕೂತು ಎರಡು ಸಲ ಮುಂದೂಡಿದೆ. ಕಾರಣ ಏನಂತೆ? ಇದು ಕ್ರಿಸ್ತನ ಜಾಗವಂತೆ. ಇವತ್ತು ಆರಾಧನೆ ಮುಗಿದ ಮೇಲೆ ಮತ್ತೆ ಕೂರುತ್ತೇವೆ. ಕೈ ಎತ್ತುವ ಮುಂಚೆ ಸಾಹುಕಾರನನ್ನು ನೆನೆಯಿರಿ. ಬೀಗದ ಕೈ ಕೊಡುವುದಾದರೆ ಇವತ್ತೇ ಕೊಡೋಣ. ನಾಳೆ ಧ್ವಜದ ಕೆಳಗೆ ಅವರೂ ನಮ್ಮ ಜೊತೆ ನಿಲ್ಲಲಿ, ಲಾಡು ತಿನ್ನಲಿ.

ಈಗ ರೊಟ್ಟಿ, ದ್ರಾಕ್ಷಾರಸ ಇಟ್ಟು ಕರ್ತನ ಮೇಜು ಸಿದ್ಧವಾಗಿದೆ. ಮೇಜಿನ ಬಳಿ ಬರುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಬದುಕಿನಲ್ಲಿ ನೀಲಿಗಟ್ಟಿದ ಗಳಿಗೆ ಒಂದು ಬಂದಿತ್ತು. ಆಗ ನೀರು ಹಾಕಿದ ಕೈ ನಮ್ಮವರದಾಗಿರಲಿಲ್ಲ. ಪ್ರತಿಯೊಬ್ಬರಿಗೂ ಅಂಥವರೊಬ್ಬರಿದ್ದಾರೆ. ಅವರ ಹೆಸರು ಗೊತ್ತಿದ್ದರೆ ಮನಸ್ಸಿನಲ್ಲಿ ಹೇಳಿ. ಗೊತ್ತಿಲ್ಲದಿದ್ದರೆ ಈ ವಾರ ಹೋಗಿ ಕೇಳಿಕೊಂಡು ಬನ್ನಿ. ಅವರು ತಿರುಗಿ, ನಿಮ್ಮ ದೇವರು ಆವತ್ತು ಕೇಳಿದನೇ ಎಂದು ಕೇಳಿದರೆ ಏನು ಉತ್ತರ ಕೊಡುತ್ತೀರಿ ಎಂದು ತಲೆ ಬಾಗಿಸಿ ಯೋಚಿಸೋಣ. ನಾನೂ ಯೋಚಿಸುತ್ತೇನೆ.